ಹೊಳೆಯದ ಬೆಸುಗೆ

ಮಗ್ಗದ ಸದ್ದಿಗೆ ಹೆದರುವವರು ಬನಹಟ್ಟಿಯಲ್ಲಿ ಬಾಳುವೆ ಮಾಡಲಾರರು. ನಮ್ಮ ಕೆಲಸದ ಕೋಣೆಯಂತೂ ಪವರ್‌ಲೂಮ್ ಶೆಡ್ಡಿನ ನೆತ್ತಿಯ ಮೇಲೇ ಇತ್ತು. ದಾರ ಹರಿದ ಕೂಡಲೇ ಮಗ್ಗ ನಿಲ್ಲಿಸುವ ಅಂಗೈಯಗಲದ ಎಲೆಕ್ಟ್ರಾನಿಕ್ ಬೋರ್ಡುಗಳನ್ನು ನಾವು ಆರು ಹೆಂಗಸರು ಅಲ್ಲಿ ಬೆಸೆಯುತ್ತಿದ್ದೆವು. ನನ್ನ ಬಲಕ್ಕೆ ಕೂರುತ್ತಿದ್ದವಳು ರಬಕವಿಯ ನೇಕಾರರ ಮನೆಯಾಕೆ; ಎಲ್ಲರ ಬಾಯಲ್ಲೂ ಅಕ್ಕ. ನನಗೆ ಸೋಲ್ಡರಿಂಗ್ ಐರನ್ ಹಿಡಿಯಲು ಕಲಿಸಿದವಳು ಅವಳೇ.

“ಹೊಳದರ ಬೆಸುಗಿ ಹಿಡದೈತಿ, ಮಸಕಾದರ ಹಿಡದಿಲ್ಲ. ಇಷ್ಟ ನೋಡ್ ಬೇ ಇದರಾಗಿನ ಶಾಸ್ತ್ರ,” ಎಂದಿದ್ದಳು.

ಅವಳು ಬೆಸೆದ ಬೋರ್ಡು ಒಂದೂ ವಾಪಸ್ ಬಂದಿರಲಿಲ್ಲ. ಮಧ್ಯಾಹ್ನ ಅವಳ ರೊಟ್ಟಿ ನನ್ನ ಡಬ್ಬಿಗೆ, ನನ್ನ ಪಲ್ಯ ಅವಳ ಡಬ್ಬಿಗೆ. ನನ್ನ ಪಲ್ಯದ ಉಪ್ಪನ್ನು ಆಡಿಕೊಳ್ಳದೆ ಒಂದು ದಿನವೂ ಉಣ್ಣಲಿಲ್ಲ. ಆ ಆಡಿಕೊಳ್ಳುವಿಕೆಗಾಗಿ ನಾನು ಇಂದಿಗೂ ಹಂಬಲಿಸುತ್ತೇನೆ.

ನಮ್ಮ ಬೋರ್ಡು ಕೊಳ್ಳುತ್ತಿದ್ದ ಪುಣೆಯ ಕಂಪನಿ ಹೊರದೇಶಕ್ಕೆ ಮಾಲು ಕಳಿಸತೊಡಗಿತು. ಬೆಸುಗೆಯಲ್ಲಿ ಇನ್ನು ಸೀಸ ಇರಕೂಡದು ಎಂದು ಪತ್ರ ಬಂತು. ನಾನು ಐಟಿಐ ಓದಿದವಳೆಂದು ಮಾಲೀಕರು ಹೊಸ ಬೆಸುಗೆ ತಂತಿ ಆರಿಸುವ ಕೆಲಸವನ್ನು ನನಗೇ ಒಪ್ಪಿಸಿದರು. ಎರಡು ಸುರುಳಿ ತರಿಸಿದೆ. ಒಂದು ತವರ, ತಾಮ್ರ ಬೆರೆತದ್ದು. ಇನ್ನೊಂದರಲ್ಲಿ ಅವೆರಡರ ಜೊತೆ ಸ್ವಲ್ಪ ಬೆಳ್ಳಿ. ದುಬಾರಿ, ಆದರೆ ಹತ್ತು ಡಿಗ್ರಿ ಕಡಿಮೆ ಕಾವಿಗೇ ಕರಗಿ ಚೆನ್ನಾಗಿ ಹರಡುತ್ತಿತ್ತು. ನಾಲ್ಕು ದಿನ ಬೆಸೆದು, ಇಕ್ಕಳದಿಂದ ಜಗ್ಗಿ, ಭೂತಗನ್ನಡಿಯಲ್ಲಿ ನೋಡಿ, ಬೆಳ್ಳಿಯದನ್ನೇ ಆರಿಸಿದೆ. ಆ ನಾಲ್ಕು ದಿನದಲ್ಲಿ ಒಮ್ಮೆಯೂ ಅಕ್ಕನ ಕೈಗೆ ಐರನ್ ಕೊಟ್ಟು ನೋಡಲಿಲ್ಲ. ಓದಿದವಳಲ್ಲವೇ ನಾನು!

ಹೊಸ ಬೆಸುಗೆ ಗಟ್ಟಿಯಾಗಿತ್ತು, ಆದರೆ ಆರಿದ ಮೇಲೆ ಮಸುಕಾಗಿ ಕಾಣುತ್ತಿತ್ತು. ಅದರ ಗುಣವೇ ಹಾಗೆ. ಅಕ್ಕ ನಂಬಲಿಲ್ಲ.

“ಬೂದಿ ಬಡದಂಗ ಕಾಣಾಕತ್ತೈತಿ. ಹಿಡದಿಲ್ಲ ಇದು.”

“ಹಿಡದೈತಿ ಅಕ್ಕಾ. ಇದರ ಬಣ್ಣಾನ ಹಿಂಗ.”

ತಲೆಯಾಡಿಸಿದಳು, ನಾನು ಅತ್ತ ತಿರುಗಿದ ಕೂಡಲೇ ಮತ್ತೆ ಕಾಯಿಸಿದಳು. ಹೊಳೆಯಲೆಂದು ಒಂದೊಂದನ್ನೂ ಮೂರು ಮೂರು ಸಲ ಕಾಯಿಸಿದಳು. ಕಾವಿಗೆ ಬೋರ್ಡಿನ ತಾಮ್ರವೇ ಕಿತ್ತು ಬಂತು. ಒಂದು ಪೆಟ್ಟಿಗೆ ಮಾಲು ಪೂರ್ತಿ ವಾಪಸ್ ಬಂತು. ನನ್ನ ಸಿಟ್ಟು ಮೊದಲೇ ಮೂಗಿನ ತುದಿಯದು. ಎಲ್ಲರ ಮುಂದೆ ಅಂದುಬಿಟ್ಟೆ: “ನಿನ್ನ ಕಣ್ಣ ಮಂದ ಆಗ್ಯಾವ. ಛಲೋದು ಯಾವದು, ಕೆಟ್ಟದ್ದು ಯಾವದು ತಿಳಿವಲ್ದು ನಿನಗ.”

ಅಕ್ಕ ಐರನ್ನಿನ ಸ್ವಿಚ್ ತೆಗೆದಳು. ಮರುದಿನ ಬರಲಿಲ್ಲ. ಕರೆಯಲು ಹೋಗಬೇಕಿತ್ತು, ನಾಚಿಕೆ ಬಿಡಲಿಲ್ಲ. ಅವಳ ಜಾಗಕ್ಕೆ ಬಂದ ಹುಡುಗಿ ಮಾತೇ ಆಡುತ್ತಿರಲಿಲ್ಲ. ವರ್ಷಗಟ್ಟಲೆ ಊಟದ ಹೊತ್ತಿಗೆ ನಾನು ಬಲಕ್ಕೆ ತಿರುಗುತ್ತಿದ್ದೆ.

ಐದಾರು ವರ್ಷದ ಮೇಲೆ ತಂತಿ ಮಾರುವವನು ಬೇರೊಂದು ಸುರುಳಿ ತಂದ. ತವರ-ತಾಮ್ರಕ್ಕೆ ಚಿಟಿಕೆಯಷ್ಟು ನಿಕಲ್ ಸೇರಿತ್ತು, ಸೀಸ ಇರಲಿಲ್ಲ. ಬೆಸೆದು ನೋಡಿದರೆ ಹಳೆಯದರಂತೆಯೇ ಹೊಳೆಯಿತು.

“ಇದು ಯಾವಾಗ ಬಂತು?”

“ಆವಾಗೂ ಇತ್ರಿ. ನೀವು ಕೇಳಲಿಲ್ಲ.”

ಆ ತಂತಿಯಿಂದ ಒಂದು ಪೂರ್ತಿ ಬೋರ್ಡು ಬೆಸೆದು, ಅದನ್ನು ಹಿಡಿದುಕೊಂಡು ರಬಕವಿಗೆ ಹೋದೆ. ಅಕ್ಕ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಒಳಗೆ ಅವಳ ಸೊಸೆ ಮಗ್ಗದ ಹರಿದ ಎಳೆಗಳನ್ನು ಹುಡುಕಿ ಕೂಡಿಸಲು ಪರದಾಡುತ್ತಿದ್ದಳು.

“ನೀ ಯಾಕ ಕೂಡಸವಲ್ಲಿ?” ಎಂದೆ.

“ಕಣ್ಣ ಮಂದ ಆಗ್ಯಾವಲ್ಲ. ನೀ ಹೇಳಿದಾಗಿಂದ ಬಾರೀಕ ಕೆಲಸಕ್ಕ ಕೈ ಹಚ್ಚಿಲ್ಲ.”

ಬೋರ್ಡನ್ನು ಅವಳ ಕೈಗಿಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ಅದನ್ನು ಬೆಳಕಿಗೆ ಹಿಡಿದಳು, ಓರೆ ಮಾಡಿದಳು. ನಲವತ್ತು ಬೆಸುಗೆ ಇದ್ದವು. ಒಂದರ ಮೇಲೆ ಉಗುರು ಇಟ್ಟಳು.

“ಇದೊಂದು ಹಿಡದಿಲ್ಲ ನೋಡ್ ಬೇ.”

ಇಸಿದುಕೊಂಡು ಜಗ್ಗಿದೆ. ಅಲ್ಲಿ ಬೆಸೆದಿದ್ದ ಬಿಡಿಭಾಗದ ಕಾಲು ಕಿತ್ತು ಬಂತು. ಭೂತಗನ್ನಡಿ ಹಿಡಿದೂ ನನಗೆ ಕಾಣದ ತಪ್ಪು.

“ನಿನ್ನ ಕಣ್ಣಿಗೆ ಏನೂ ಆಗಿಲ್ಲಕ್ಕಾ,” ಎಂದೆ, ಅಳು ತಡೆಯಲಾಗಲಿಲ್ಲ. “ಆವಾಗೂ ಆಗಿದ್ದಿಲ್ಲ. ತಂತಿ ಆರಿಸಿದಾಕಿ ನಾ. ನಿನ್ನ ಒಂದ್ ಮಾತು ಕೇಳಲಿಲ್ಲ.”

ಅಕ್ಕ ಅವರೆಕಾಯಿಯ ಮೊರವನ್ನು ನನ್ನ ಮುಂದೆ ಸರಿಸಿದಳು. ಆಮೇಲೆ ಒಳಗೆ ತಿರುಗಿ ಸೊಸೆಗೆ ಹೇಳಿದಳು:

“ಏಳ ಬೇ ಅಲ್ಲಿಂದ. ನಾ ಕೂಡಸ್ತೇನಿ.”