ಆಯುಧಪೂಜೆಗೆ ತೊಳೆದ ಪಂಜರಗಳು

ಹೆಗ್ಗನಹಳ್ಳಿಯ ಬೈರಯ್ಯನಿಗೆ ಇಲಿ ಸಾಕುವುದೇ ಕೆಲಸ ಎಂದರೆ ನಗಬೇಡಿ. ಕೆಂಗೇರಿ ಕಡೆಯ ನಮ್ಮ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷ ಬಿಳಿ ಇಲಿಗಳಿಗೆ ನೀರು, ತಿಂಡಿ, ಹೊಟ್ಟಿನ ಹಾಸಿಗೆ ಹಾಕಿದವನು ಅವನು. ದೊಡ್ಡ ದೊಡ್ಡ ಡಿಗ್ರಿಯವರು ಬಂದು ಹೋದರು; ಯಾವ ಇಲಿ ಊಟ ಬಿಟ್ಟಿದೆ ಎಂದು ಗೊತ್ತಾಗುತ್ತಿದ್ದುದು ಅವನೊಬ್ಬನಿಗೇ.

ಕಳೆದ ವರ್ಷ ಸಂಶೋಧಕಿ ರಾಗಿಣಿಯ ಕೊನೆಯ ಕಂತಿನ ಇಲಿಗಳು ಅವನ ವಶದಲ್ಲಿದ್ದವು. ಒಂದು ಮದ್ದನ್ನು ಮೊದಲೇ ಚುಚ್ಚಿಸಿಕೊಂಡಿದ್ದ ಬೇರೆ ಇಲಿಗಳಿಂದ ಟಿ ಕೋಶ, ಅಂದರೆ ಮೈ ಕಾಯುವ ರಕ್ತಕಣ, ತೆಗೆದು, ಮೂರು ಪಂಜರದವಕ್ಕೆ ಕೊಟ್ಟಿದ್ದಳು. ಇನ್ನು ಮೂರಕ್ಕೆ ಕೊಟ್ಟಿರಲಿಲ್ಲ. ಆಮೇಲೆ ಎಲ್ಲದರ ಪಾದಕ್ಕೂ ಅದೇ ಮದ್ದು ಚುಚ್ಚಿದಳು. ಟಿ ಕೋಶಗಳು ಮದ್ದಿನ ಗುರುತು ಹಿಡಿದು ಬೇರೆ ಕೋಶಗಳನ್ನು ಕೂಗಿ ಕರೆಯುತ್ತವೆ; ಅವೆಲ್ಲ ಬಂದು ಸೇರಿ ಪಾದ ಊದಲು ಎರಡು ದಿನ ಬೇಕು. ಟಿ ಕೋಶ ಪಡೆದವುಗಳ ಪಾದ ಮಾತ್ರ ಊದಿದರೆ ರಾಗಿಣಿ ಗೆದ್ದಂತೆ. ಇದೂ ಕೆಟ್ಟರೆ ಪಿಎಚ್‌ಡಿ ಮರೆತುಬಿಡು ಎಂದು ಗೈಡ್ ಹೇಳಿಬಿಟ್ಟಿದ್ದರು.

ನಡುವೆ ಆಯುಧಪೂಜೆ ಬಂತು. ವರ್ಷಾ ವರ್ಷ ಬೈರಯ್ಯ ಪಂಜರಗಳ ಹೊರಮೈ ತಿಕ್ಕಿ ತೊಳೆದು ಅರಿಶಿನ ಕುಂಕುಮ ಇಡುವವನು. ಅವನ ಆಯುಧ ಅವೇ ತಾನೆ? ಯಾವುದಕ್ಕೆ ಟಿ ಕೋಶ ಕೊಟ್ಟಿದೆ ಎಂದು ಬರೆದು ಪಂಜರಕ್ಕೆ ಸಿಕ್ಕಿಸಿದ್ದ ಆರು ಚೀಟಿಗಳನ್ನೂ ನೆನೆಯಬಾರದೆಂದು ಬಿಚ್ಚಿಟ್ಟು, ಪೂಜೆ ಮುಗಿದ ಮೇಲೆ ಮತ್ತೆ ಸಿಕ್ಕಿಸಿದ. ಆ ಇಲಿಗಳಿಗೆ ಇದ್ದ ಗುರುತು ಆ ಚೀಟಿ ಒಂದೇ.

ಮರುದಿನ ರಾಗಿಣಿ ಪಾದಗಳನ್ನು ಅಳೆದಳು. ಟಿ ಕೋಶವೆಂದು ಚೀಟಿ ಇದ್ದ ಪಂಜರಗಳಲ್ಲಿ ಊತವೇ ಇಲ್ಲ. ಉಳಿದ ಮೂರರಲ್ಲಿ ಪಾದಗಳು ದಪ್ಪಗಾಗಿದ್ದವು. ಅವಳು ನೆಲದ ಮೇಲೇ ಕುಸಿದು ಕೂತಳು.

"ಮೇಡಂ, ನಿನ್ನೆ ಪೂಜೆಗೆ ಚೀಟಿ ಬಿಚ್ಚಿದ್ದೆ" ಎಂದ ಬೈರಯ್ಯ.

ರಾಗಿಣಿ ದಡಕ್ಕನೆ ಎದ್ದಳು. "ಹಾಗಾದ್ರೆ ಉಲ್ಟಾ ಹಾಕಿದೀರ! ಬೈರಯ್ಯನೋರೇ, ಚೀಟಿ ಉಲ್ಟಾ ಆಗಿದ್ದು ನಾನೇ ನೋಡ್ದೆ ಅಂತ ನೀವು ಗೈಡ್ ಮುಂದೆ ಹೇಳ್ಬಿಡಿ. ಕೈ ಮುಗೀತೀನಿ."

ಸ್ಟೋರ್ ನೋಡಿಕೊಳ್ಳುವ ನಾನು ಬಾಗಿಲಲ್ಲೇ ನಿಂತಿದ್ದೆ. ಹೂಂ ಅಂದಿದ್ದರೆ ಅವನ ಗಂಟೇನು ಹೋಗುತ್ತಿತ್ತು ಎಂದು ಈಗಲೂ ನನಗೆ ಸಿಟ್ಟು ಬರುತ್ತದೆ.

"ನೋಡಿಲ್ಲ ಮೇಡಂ" ಎಂದು ಬೈರಯ್ಯ ಅತ್ತುಬಿಟ್ಟ. "ನೋಡಿದ್ದಿದ್ರೆ ತಪ್ಪಾಗಕ್ಕೆ ಬಿಡ್ತಿದ್ನಾ?"

ಚೀಟಿ ನಂಬುವಂತಿಲ್ಲ, ನೋಡಿದವರೂ ಇಲ್ಲ ಎಂದಮೇಲೆ ಆ ಅಳತೆಗೆ ಬೆಲೆಯಿಲ್ಲ; ಅವಳು ಪ್ರಯೋಗದ ಪುಸ್ತಕದ ಆ ಹಾಳೆಗೆ ಅಡ್ಡಗೆರೆ ಎಳೆದಳು. ಕೆಲಸಕ್ಕೆ ಬಾರದ ಇಲಿಗಳನ್ನು ಮುಗಿಸುವುದೂ ಬೈರಯ್ಯನ ಕೆಲಸವೇ. ಕುಂಕುಮ ಹಚ್ಚಿದ ಪಂಜರಗಳನ್ನು ಒಂದೊಂದಾಗಿ ಗ್ಯಾಸ್ ಪೆಟ್ಟಿಗೆಯ ಬಳಿಗೆ ಒಯ್ದ. ಆರನೆಯದಕ್ಕೆ ಅವನ ಕೈ ಏಳಲಿಲ್ಲ. ಅದನ್ನು ರಾಗಿಣಿಯೇ ಎತ್ತಿಕೊಟ್ಟಳು.