ಬೀಗದ ಮೇಡಂ

ಜೈಲುಗಳ ತಪಾಸಣೆಗೆ ಬರುವ ಆ ಅಧಿಕಾರಿಯನ್ನು ಅಲ್ಲಿನ ಸಿಬ್ಬಂದಿ ಬೀಗದ ಮೇಡಂ ಎಂದೇ ಕರೆಯುತ್ತಿದ್ದರು, ಅದೂ ಹಲ್ಲು ಕಡಿಯುತ್ತಾ. ನಮ್ಮ ಮನೆಯಲ್ಲಿ ಮಾತ್ರ ಆ ಹೆಸರೆತ್ತಿದರೆ ಅಮ್ಮ ಕೈ ಮುಗಿಯುತ್ತಾಳೆ. ಅವರ ಋಣ ಈ ಜನ್ಮದಲ್ಲಿ ತೀರುವಂಥದ್ದಲ್ಲ.

ಮೇಡಂ ಅವರದು ಒಂದು ವಿಚಿತ್ರ ಪದ್ಧತಿ. ಯಾವ ಜೈಲಿಗೆ ಹೋದರೂ ಖಾಲಿ ಸೆಲ್ಲೊಂದನ್ನು ಹೊಕ್ಕು, "ಬೀಗ ಹಾಕಿ, ನಿಮ್ ಕೆಲ್ಸ ನೋಡ್ಕೊಳ್ಳಿ" ಎನ್ನುವರು. ಆಮೇಲೆ ಗಂಟಲು ಹರಿಯುವಂತೆ ಕೂಗುವರು. ಯಾರು ಬರುತ್ತಾರೆ, ಎಷ್ಟು ಬೇಗ ಬರುತ್ತಾರೆ ಎಂದು ನೋಡುವುದೇ ಅವರ ಪರೀಕ್ಷೆ.

ನಮ್ಮೂರ ಜೈಲಿನಲ್ಲಿ ಅವರ ಪಕ್ಕದ ಸೆಲ್ಲಿನಲ್ಲಿದ್ದವನು ನನ್ನ ತಮ್ಮ. ಅವನೇನೂ ಸಾಚಾ ಅಲ್ಲ. ಕುಡಿದ ಅಮಲಿನಲ್ಲಿ ಅಂಗಡಿಯೊಂದರ ಗಾಜು ಪುಡಿ ಮಾಡಿ, ವಿಚಾರಣೆಗೆ ಕಾಯುತ್ತಿದ್ದ. ಆದರೆ ಹುಟ್ಟಿನಿಂದ ಉಬ್ಬಸ. ಚೂರು ಹೊಗೆ ತಾಗಿದರೂ ಉಸಿರು ಸಿಕ್ಕಿಕೊಳ್ಳುತ್ತದೆ. ಒಳಗೆ ಅವನಿಗೇನಾದರೂ ಆದರೆ ಯಾರು ದಿಕ್ಕು ಎಂದು ಅಮ್ಮನಿಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಅಂದು ಮೇಡಂ ಒಳಗೆ ಹೋದದ್ದೇ ತಡ, ವಾರ್ಡರ್ ಬೀಗ ಜಡಿದು, ಅಭ್ಯಾಸಬಲದಿಂದ ಕೀಲಿ ಗೊಂಚಲನ್ನು ಮುಂಬಾಗಿಲ ಕಚೇರಿಯ ಕಪಾಟಿಗೆ ಸೇರಿಸಿ ಊಟಕ್ಕೆ ಹೋದ. ಅಲ್ಲಿ ನಡೆದುಬಂದದ್ದೇ ಹಾಗೆ. ಮೇಡಂ ಕೂಗಿದರು, ಕಂಬಿ ಬಡಿದರು. ಕೊನೆಗೆ ಗೋಡೆಯಾಚೆ ನನ್ನ ತಮ್ಮನಿಗೇ ಕನಿಕರ ಬಂತಂತೆ.

"ಮೇಡಂ, ಸುಮ್ನೆ ಗಂಟಲು ನೋಯಿಸ್ಕೋಬೇಡಿ. ಇಲ್ಲಿ ಕೂಗಿದ್ರೆ ಯಾರೂ ಬರಲ್ಲ."

"ಹುಷಾರಿಲ್ಲದಾಗ ಏನ್ಮಾಡ್ತೀಯಪ್ಪ?"

"ಕಾಯ್ತೀನಿ."

ವಾರ್ಡರ್ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲು ತೆಗೆದಾಗ ಮೇಡಂ ಅವನನ್ನು ಬೈಯಲಿಲ್ಲ. ನೆಟ್ಟಗೆ ಜೈಲರ್ ಮುಂದೆ ಹೋಗಿ ನಿಂತರು.

"ಇಷ್ಟು ವರ್ಷ ಏನೂ ಆಗಿಲ್ವಲ್ಲ ಮೇಡಂ," ಎಂದು ಜೈಲರ್ ಹಲ್ಲು ಕಿರಿದರು.

"ಆಗೋವರೆಗೂ ಕಾಯ್ರಿ ಅಂತ ಕಾನೂನು ಹೇಳಲ್ಲ."

ಆ ಮನುಷ್ಯ ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ಮೇಡಂ ಕೋರ್ಟಿಗೆ ಹೋದರು. ಸೆಲ್ಲುಗಳ ಪ್ರತಿ ಸಾಲಿನಲ್ಲೂ ಹಗಲಿರುಳು ಕೀಲಿ ಸಮೇತ ಒಬ್ಬ ವಾರ್ಡರ್ ಇರಬೇಕು, ಪ್ರತಿ ಸೆಲ್ಲಿಗೂ ಕರೆಗಂಟೆ ಬೇಕು, ಇಲ್ಲವಾದರೆ ಜೈಲು ಮುಚ್ಚಿ ಎಂದು ಆದೇಶವಾಯಿತು. ಜೈಲಿನವರು ಗೊಣಗುತ್ತಲೇ ಸಾಲಿಗೊಬ್ಬ ವಾರ್ಡರನ್ನು ಕೀಲಿ ಕೊಟ್ಟು ನಿಲ್ಲಿಸಿದರು. ಗಂಟೆಗಳು ಮಾತ್ರ ಇನ್ನೂ ಬರಬೇಕಿತ್ತು.

ಅಷ್ಟರಲ್ಲಿ ಜೈಲಿನೊಳಗೆ ಹಾಸಿಗೆ ಪೇರಿಸಿಟ್ಟ ಕೋಣೆಯಲ್ಲಿ ವೈರು ಸುಟ್ಟು ಬೆಂಕಿ ಹತ್ತಿತು. ಸುದ್ದಿ ಕೇಳಿ ಅಮ್ಮನೂ ನಾನೂ ಎದ್ದೆವೋ ಬಿದ್ದೆವೋ ಎಂದು ಆಸ್ಪತ್ರೆಗೆ ಓಡಿದೆವು. ಮುಖವೆಲ್ಲ ಮಸಿಯಾಗಿ ತಮ್ಮ ಮಂಚದ ಮೇಲೆ ಕೂತಿದ್ದ. ಅಮ್ಮ ಅವನ ಎದೆ ಮುಟ್ಟಿ ಮುಟ್ಟಿ ನೋಡಿದಳು. ಉಸಿರಾಡುತ್ತಿತ್ತು.

ಅವನು ಮೂಗಿನ ಮೇಲಿನ ಆಕ್ಸಿಜನ್ ಮಾಸ್ಕ್ ಸರಿಸಿ, ತನಗೇ ನಂಬಿಕೆ ಬಾರದವನಂತೆ ನನ್ನನ್ನು ನೋಡಿದ.

"ಅಕ್ಕಾ, ಕೂಗಿದೆ. ಬಂದ್ರು."