ಹಲೂಮಿ ಸುಟ್ಟ ದಿನ

ಹೇಸ್‌ನಲ್ಲಿ ನಮ್ಮದು ಮಹಡಿಯ ಮೇಲಿನ ಬಾಡಿಗೆ ಮನೆ. ಮೆಟ್ಟಿಲಿಳಿದರೆ ಬೀದಿಗೆ ತೆರೆಯುವ ನಮ್ಮದೇ ಬಾಗಿಲು. ತೊಂಬತ್ತರ ದಶಕದ ಕೊನೆ. ಮದುವೆಯಾಗಿ ಈ ಪರದೇಶಕ್ಕೆ ಬಂದ ಮೊದಲ ಚಳಿಗಾಲ. ಗೋದಾಮಿನ ಕೆಲಸಕ್ಕೆ ಹೊರಡುವ ಗಂಡ ಬೆಳಿಗ್ಗೆ ಹೊರಗಿನಿಂದ ಕೀ ತಿರುಗಿಸಿ, ಊರಿನಲ್ಲಿ ಬೀಗ ಎಳೆದು ನೋಡುವಂತೆಯೇ ಎರಡು ಸಲ ಹಿಡಿಕೆ ಎಳೆದು ನೋಡುತ್ತಿದ್ದರು. ಎಂಥ ಜಾಗ್ರತೆಯ ಮನುಷ್ಯ ಎಂದು ನಾನು ಒಳಗೆ ಕುಳಿತು ಮೆಚ್ಚಿಕೊಳ್ಳುತ್ತಿದ್ದೆ. ಪೆದ್ದಿ.

ಒಂದು ಶನಿವಾರ ಇಬ್ಬರೂ ಅಂಗಡಿಗೆ ಹೋದಾಗ ಪನೀರ್ ಎಂದು ನಾನು ಕೈಗೆತ್ತಿಕೊಂಡದ್ದು ಹಲೂಮಿ. ಅದು ಸೈಪ್ರಸ್ ಕಡೆಯವರ ಚೀಸು, ಕರಗುವುದಿಲ್ಲ, ಸುಟ್ಟು ತಿನ್ನಬೇಕು ಎಂದಳು ಅಂಗಡಿಯಾಕೆ. ಸೋಮವಾರ ಮಧ್ಯಾಹ್ನ ಹೋಳು ಮಾಡಿದೆ. ಬರೀ ಸುಟ್ಟರೆ ಏನು ರುಚಿ ಎಂದು ಮೆಣಸಿನ ಪುಡಿ, ಎಣ್ಣೆ ಸವರಿ ಕಾವಲಿಗೆ ಹಾಕಿದೆ. ಮೊದಲು ನೀರು ಬಿಟ್ಟಿತು, ಆಮೇಲೆ ಕೆಂಪಗಾಯಿತು. ಅಷ್ಟರಲ್ಲಿ ಘಾಟೆದ್ದು ಹೊಗೆಯ ಅಲಾರಂ ಕಿರುಚತೊಡಗಿತು. ಕಿಟಕಿಯೋ, ಬಣ್ಣ ಮೆತ್ತಿ ಅಂಟಿಹೋಗಿತ್ತು. ಒಲೆ ಆರಿಸಿ, ಕೆಮ್ಮುತ್ತ ಮೆಟ್ಟಿಲಿಳಿದು ಬಾಗಿಲು ಎಳೆದೆ. ಬರಲಿಲ್ಲ.

ಅಲ್ಲಿಯವರೆಗೆ ಒಬ್ಬಳೇ ಇದ್ದಾಗ ಆ ಬಾಗಿಲನ್ನು ಎಳೆದೇ ನೋಡಿರಲಿಲ್ಲ. ಚಳಿಗೆ ಹೆದರಿ ಹೊರಗೆ ಹೋಗುತ್ತಿಲ್ಲ ಎಂದುಕೊಂಡಿದ್ದೆ.

ಕೆಳಮನೆಯ ಮುದುಕಿ ಸದ್ದು ಕೇಳಿ ಬಂದು, ಕಾಗದ ಹಾಕುವ ಕಂಡಿಯಿಂದ ಇಣುಕಿ, ಬಾಗಿಲು ತೆಗೆ ಎಂದಳು. ಒಳಗಿನಿಂದ ತೆರೆಯಲೂ ಕೀ ಬೇಕು, ಅದು ಗಂಡನ ಹತ್ತಿರ ಇದೆ ಎಂದೆ. ಅವಳು, ಪೊಲೀಸರನ್ನು ಕರೆಯಲೇ ಎಂದು ಮೆಲ್ಲಗೆ ಕೇಳಿದಳು. ಬೇಡ, ಬೇಡ ಎಂದೆ. ನಾಚಿಕೆಯಿಂದ ಹಿಡಿಯಾಗಿದ್ದೆ. ಅಲಾರಂ ನಿಂತ ಮೇಲೂ ಮೆಟ್ಟಿಲ ಮೇಲೇ ಕುಳಿತಿದ್ದೆ.

ಸಂಜೆ ಗಂಡ ಹಲೂಮಿಯನ್ನು ಹಲ್ಲಿನಡಿ ಕಿರ್ ಕಿರ್ ಎನಿಸುತ್ತ ತಿಂದು, ಲಾಯ್ಕಾಗಿದೆ ಎಂದರು. ನಡೆದದ್ದೆಲ್ಲ ಹೇಳಿ ಕೀ ಕೇಳಿದೆ. ಅವರಿಗೆ ನಿಜಕ್ಕೂ ಆಶ್ಚರ್ಯವಾಯಿತು.

"ನಿಂಗೆ ಎಲ್ಲಿಗೆ ಹೋಗ್ಲಿಕ್ಕುಂಟು ಮಾರಾಯ್ತಿ?"

ಎಷ್ಟು ಯೋಚಿಸಿದರೂ ಒಂದು ಜಾಗದ ಹೆಸರೂ ಬಾಯಿಗೆ ಬರಲಿಲ್ಲ. ಸಿಟ್ಟು ನೆತ್ತಿಗೇರಿದ್ದು ಅದಕ್ಕೇ.

"ಎಲ್ಲಿಗೂ ಇಲ್ಲ. ಆದ್ರೂ ಕೊಡಿ."

ಇನ್ನೊಂದು ಕೀ ಅವರ ಕೋಟಿನ ಒಳಜೇಬಿನಲ್ಲೇ ಇತ್ತು, ಕೊಟ್ಟರು. ಮರುದಿನವೂ ರೂಢಿಯಂತೆ ಹೊರಗಿನಿಂದ ಕೀ ತಿರುಗಿಸಿ, ಎರಡು ಸಲ ಎಳೆದು ನೋಡಿಯೇ ಹೋದರು. ಅವರ ಹೆಜ್ಜೆ ಸದ್ದು ಅಡಗುವ ತನಕ ಕಾದು ನಾನು ನನ್ನ ಕೀ ಹಾಕಿ ಒಳಗಿನಿಂದ ತೆರೆದೆ. ಹೊರಗೆ ಗಾಳಿ ಕೊರೆಯುತ್ತಿತ್ತು. ಹೋಗಲು ಒಂದು ಜಾಗವೂ ಇರಲಿಲ್ಲ. ಬಾಗಿಲನ್ನು ಪೂರ್ತಿ ತೆರೆದಿಟ್ಟು, ಹೊಸ್ತಿಲಲ್ಲಿ ನಿಂತು, ಉಳಿದಿದ್ದ ಹಲೂಮಿಯನ್ನು ತಣ್ಣಗೇ ತಿಂದೆ.